ನಾಲ್ಕು ಬೆರಳು ತಗ್ಗಿದ ಗಾಡಿ

ಮೂಗು ಸಿಂಡರಿಸಬೇಡ ಪುಟ್ಟೀ, ಪೂರ್ತಿ ಕೇಳು. ಆ ಗಾಡಿಯ ಕಥೆ ನಿನಗೆ ಅರ್ಧ ಗೊತ್ತು, ಅದೂ ತಪ್ಪು ಅರ್ಧ. ಇರುವೆ ತಾತನಿಗೆ ಈ ವಯಸ್ಸಿನಲ್ಲಿ ಪಡ್ಡೆ ಹುಡುಗರ ಚಟ ಹತ್ತಿತು, ಅಷ್ಟು ದೊಡ್ಡ ಕಾರಿನ ಸಸ್ಪೆನ್ಷನ್ ಇಳಿಸಿಕೊಂಡು ದಿನಾ ಅದರಲ್ಲೇ ಓಡಾಡುತ್ತಾನೆ ಅಂತ ನಿಮ್ಮಮ್ಮ ಹೇಳಿರುತ್ತಾಳೆ. ಚಟವಂತೆ ಚಟ. ಅವನು ಗಾಡಿ ಇಳಿಸಿದ್ದು ಹೆಂಡತಿಗಾಗಿ. ಅವಳಿಗೆ ಬೇಕಾಗಿದ್ದು ಅದಲ್ಲ. ಏನು ಬೇಕಾಗಿತ್ತು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನನ್ನು ಬಿಟ್ಟು. ನನ್ನನ್ನೂ ಬಿಟ್ಟು ಅನ್ನು, ಯಾಕೆಂದರೆ ಅಲ್ಲಿಯತನಕ ನಾನು ಆ ಗಾಡಿ ಹತ್ತಿದವಳೇ ಅಲ್ಲ. ಕಾಲು ಗಟ್ಟಿ ಇರುವತನಕ ನಡೆಯುವವಳು ನಾನು. ಆ ಗಾಡಿಯೊಳಗಿನ ನಾತ ಒಂದು ಹೇಸಿಗೆ, ನಮ್ಮವರ ಸಜ್ಜನಿಕೆ ಇನ್ನೊಂದು ಹೇಸಿಗೆ. ಮೊದಲನೆಯದನ್ನು ಸೋಪು ಹಾಕಿ ತೊಳೆಯಬಹುದು.

ನನ್ನ ತಮ್ಮನಿಗೆ ಇರುವೆ ಅಂತ ಹೆಸರಿಟ್ಟವಳು ನಮ್ಮಮ್ಮ. ಬಿಸ್ಕತ್ತಿನ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಮೂಗಿನಿಂದಲೇ ಪತ್ತೆ ಹಚ್ಚುತ್ತಿದ್ದ. ಅಕ್ಕಿ ಮೂಟೆಯ ಹಿಂದೆ, ಸುತ್ತಿಟ್ಟ ಹಾಸಿಗೆಯ ಒಳಗೆ, ಎಲ್ಲಿಟ್ಟರೂ ಸರಿ. ಒಮ್ಮೆ ಅಮ್ಮ ರೋಸಿಹೋಗಿ ಅಪ್ಪನ ಹಳೆ ಬೂಟಿನೊಳಗೆ ಬಿಸ್ಕತ್ತು ಸುರಿದಿಟ್ಟಳು. ಅದನ್ನೂ ಹುಡುಕಿದ, ಹುಡುಕಿ ತಿಂದ. ಉಳಿದ ನಮಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಹಾಲು ಸೀಯುವ ಮೊದಲೇ ಬೀದಿಯಿಂದ ಕೂಗುತ್ತಿದ್ದ ಕಣೇ, ಅಂಥ ಮೂಗು. ಅವನಿಗೆ ಮಗಳು ಹುಟ್ಟಿದ ವರ್ಷ ಒಂದು ಜ್ವರ ಬಂತು. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಇಂದು ಬಂದೀತು, ನಾಳೆ ಬಂದೀತು ಅಂತ ಡಾಕ್ಟರು ಹೇಳುತ್ತಲೇ ಇದ್ದರು, ಆ ಡಾಕ್ಟರೇ ಹೋಗಿಬಿಟ್ಟರು.

ಮೂಗಿಲ್ಲದವನಿಗೆ ಒಗ್ಗಿದ ಕೆಲಸ ನೋಡು. ದೊಡ್ಡ ಕಟ್ಟಡಗಳ ಅಡಿಯಲ್ಲಿ ಕೊಳಚೆ ನೀರು ಬಂದು ಕೂಡುವ ಗುಂಡಿ ಇರುತ್ತದೆ. ಆ ನೀರನ್ನು ಮೇಲಕ್ಕೆ ದಬ್ಬಲು ಗುಂಡಿಯೊಳಗೇ ಮುಳುಗಿ ಕೂತ ಪಂಪು. ಅದು ಕಟ್ಟಿಕೊಂಡರೆ ಇವನಿಗೆ ಫೋನು. ಇವನು ಹೋಗಿ ಸರಪಳಿ ಹಾಕಿ ಎತ್ತುತ್ತಾನೆ. ಏನೇನು ಸುತ್ತಿಕೊಂಡಿರುತ್ತದೆ ಅಂತೀಯ. ಕೂದಲಿನ ಉಂಡೆ, ಹರಿದ ಬನಿಯನ್ನು, ಮೇಣದ ಹಾಗೆ ಗಟ್ಟಿಯಾದ ಜಿಡ್ಡು. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತಂತೆ. ತೊಳೆದು ಕೊಟ್ಟೆ ಅಕ್ಕಾ, ಆ ಯಜಮಾನರು ಅಲ್ಲೇ ಹಾಕಿಕೊಂಡು ನಕ್ಕರು ಅಂತ ಊಟದ ನಡುವೆ ಹೇಳಿದ. ನಾನು ತಟ್ಟೆ ಬಿಟ್ಟು ಎದ್ದೆ.

ಆದರೆ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮಪ್ಪನ ಕಟ್ಟಪ್ಪಣೆ ಒಂದಿತ್ತು: ಅನ್ನ ಕೊಡುವ ಕೆಲಸಕ್ಕೆ ಮೂಗು ಮುರಿಯಬಾರದು. ಅಪ್ಪ ಹೇಳಿದ್ದು ಒಳ್ಳೆಯದೇ. ಆದರೆ ನಮ್ಮ ಮನೆಯವರು ಒಳ್ಳೆಯ ಮಾತನ್ನು ಹಳೆ ಬನಿಯನ್ನಿನ ಹಾಗೆ ಜಗ್ಗಿ ಜಗ್ಗಿ ಮಂಡಿತನಕ ಇಳಿಸುತ್ತಾರೆ. ಇರುವೆಯ ಕೆಲಸದ ಬಗ್ಗೆ ಏನೂ ಅನ್ನಬಾರದು ಅಂತ ಶುರುವಾಗಿದ್ದು, ಇರುವೆಗೆ ಏನೂ ಹೇಳಬಾರದು ಅನ್ನುವಲ್ಲಿಗೆ ಬಂದು ನಿಂತಿತು. ವಾಸನೆಯೇ ತಿಳಿಯದವನಿಗೆ ನಾತದ ಮಾತೆತ್ತುವುದು ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ, ಪಾಪ, ನೊಂದುಕೊಳ್ಳುತ್ತಾನೆ ಅಂತ ಎಲ್ಲರದೂ ಒಂದೇ ರಾಗವಂತೆ, ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲು ಅವನ ಹತ್ತಿರ ಸಣ್ಣ ಸಾಮಾನು ಗಾಡಿ ಇತ್ತು. ಅದು ಕೈಕೊಟ್ಟ ಮೇಲೆ ಈ ಎಸ್‌ಯುವಿ ತಂದ. ಎಷ್ಟು ದೊಡ್ಡದು ಅಂದರೆ ಬಾಗಿಲ ಮುಂದೆ ನಿಂತರೆ ನಮ್ಮ ಮುಂದಿನ ಕೋಣೆಗೆ ಬೆಳಕಿಲ್ಲ. ಇರುವೆ ಆನೆ ತಂದಿದೆ ಅಂತ ಬೀದಿಯೆಲ್ಲ ನಕ್ಕಿತು. ಕೊನೆಯ ಸಾಲಿನ ಸೀಟು ಕಿತ್ತು, ಅಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ. ವಾರವಿಡೀ ಪಂಪು, ಭಾನುವಾರ ಸಂಸಾರ, ಅಂದ. ಹಾಳೆಯ ಅಂಚಿನಿಂದ ಇಳಿದದ್ದನ್ನೆಲ್ಲ ಕೆಳಗಿನ ಕಾರ್ಪೆಟ್ಟು ಕುಡಿಯಿತು. ಹೊರಗೆ ಮಾತ್ರ ಗಾಡಿ ಮುಖ ನೋಡಿಕೊಳ್ಳುವಷ್ಟು ಫಳಫಳ. ಕನ್ನಡಿಗೆ ಒಂದು ಪರಿಮಳದ ಕಾಗದ ನೇತುಹಾಕಿದ್ದ. ಅದರ ಪರಿಮಳ ಸತ್ತು, ಬಣ್ಣ ಮಾಸಿ, ಅಂಚು ಸುರುಳಿಯಾದರೂ ಅದು ತೂಗುತ್ತಲೇ ಇತ್ತು. ಅವನಿಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ನಿನ್ನ ಚಿಕ್ಕಜ್ಜಿಗೆ, ಅಂದರೆ ಅವನ ಹೆಂಡತಿಗೆ, ಮಂಡಿಯ ಆಪರೇಷನ್ ಆಯಿತು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಕಾಲು ಮಡಿಸಿ ಬಿಚ್ಚುವ ವ್ಯಾಯಾಮ. ಗಾಡಿ ಬಾಗಿಲಲ್ಲೇ ಇದೆ, ನಾನೇ ಕರೆದುಕೊಂಡು ಹೋಗುತ್ತೇನೆ ಅಂತ ಇವನು ಶರಟಿಗೆ ಇಸ್ತ್ರಿ ಹಾಕಿಕೊಂಡು ನಿಂತ. ಅವಳು ಗಾಡಿ ನೋಡಿದಳು, ಮಂಡಿ ನೋಡಿದಳು, ಎತ್ತರ ಜಾಸ್ತಿ ಆಯಿತು ರೀ ಅಂದಳು. ಬಾಡಿಗೆ ಕಾರು ತರಿಸಿದಳು. ಮೊದಲ ಸಲ ಅದು ನಿಜವೇ ಇದ್ದೀತು, ಕಾಲು ಮಡಿಸಲು ಆಗುತ್ತಿರಲಿಲ್ಲ. ಆಮೇಲೆ ಅದೇ ಮಂಡಿಯಲ್ಲಿ ಮಹಡಿ ಹತ್ತಿ ಬಟ್ಟೆ ಒಣಹಾಕಿ ಬರುತ್ತಿದ್ದಳು, ಗಾಡಿ ಮಾತ್ರ ಎತ್ತರ.

ಒಂದು ಸಬೂಬು ಕೆಲಸ ಮಾಡಿತು ಅಂದರೆ ಸಾಕು, ನಮ್ಮವರು ಅದನ್ನು ಹಂಚಿಕೊಂಡು ಉಡುತ್ತಾರೆ. ಮಗಳು, ಮಗು ಎತ್ತಿಕೊಂಡು ಅಷ್ಟೆತ್ತರ ಹತ್ತಕ್ಕಾಗಲ್ಲಪ್ಪ ಅಂದಳು. ಅಳಿಯನೂ ಎತ್ತರ ಮಾವ ಅಂದ. ಅಳಿಯನ ಕೆಲಸ ಏನು ಹೇಳು? ಕರೆಂಟು ಕಂಬ ಹತ್ತುವುದು. ಕಂಬದ ತುದಿಯಲ್ಲಿ ನೇತಾಡಿಕೊಂಡು ಬೀಡಿ ಸೇದುವ ಗಂಡಸಿಗೆ ಮಾವನ ಕಾರು ಎತ್ತರ. ಇರುವೆ ಅದನ್ನೂ ನಂಬಿದ. ನಮ್ಮ ಇರುವೆಯನ್ನು ನಂಬಿಸುವುದಕ್ಕೆ ಬುದ್ಧಿ ಬೇಡ, ಬಾಯಿ ಸಾಕು.

ಪ್ರತಿ ವಾರ ಬಾಡಿಗೆ ಕಾರು ಬಂದು ಇವನ ಗಾಡಿಯ ಮುಂದೆ ನಿಲ್ಲುತ್ತಿತ್ತು. ಅವಳು ಅದರಲ್ಲಿ ಕೂರುವಾಗ ಇವನು ಬಟ್ಟೆ ಹಿಡಿದು ತನ್ನ ಗಾಡಿಯ ಗಾಜು ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಒಂದು ದಿನ ನಮ್ಮ ಮನೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ನನ್ನ ಪಕ್ಕ ಕೂತ್ಕೊಳ್ಳೋಕೆ ಅವಳಿಗೆ ಬೇಜಾರಾ?"

"ಹುಚ್ಚ. ಮಂಡಿ ನೋವು ಕಣೋ ಅವಳಿಗೆ," ಅಂದೆ. ನನಗೆ ಹಾಗೆ ಹೇಳಿದ್ದವಳು ಅವಳೇ ತಾನೆ.

ಅವನಿಗೆ ಅಷ್ಟೇ ಸಾಕಾಯಿತು. ಬೇಜಾರಲ್ಲ, ಎತ್ತರ. ಎತ್ತರಕ್ಕೆ ಮದ್ದಿದೆ. ಮೊದಲು ಬಾಗಿಲಿನ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಬೆಸುಗೆ ಹಾಕಿಸಿದ. ಕಾಲು ಜಾರುತ್ತದೆ ಅಂದಳು. ರಬ್ಬರು ಅಂಟಿಸಿದ. ಹಿಡಿದುಕೊಳ್ಳಲು ಏನೂ ಇಲ್ಲ ಅಂದಳು. ಹಿಡಿ ಹಾಕಿಸಿದ. ಮತ್ತೆ ಎತ್ತರಕ್ಕೇ ಬಂದಳು. ಆಮೇಲೆ ಅವನು ಮಾಡಿದ್ದನ್ನು ಹೇಳುತ್ತೇನೆ, ನಗಬೇಡ. ಅವಳು ಮನೆಯ ಮೆಟ್ಟಿಲು ಹತ್ತುವಾಗ ಕಳ್ಳನ ಹಾಗೆ ಕಂಬದ ಮರೆಯಲ್ಲಿ ನಿಂತು, ಅವಳ ಪಾದ ಎಷ್ಟು ಮೇಲೆ ಏಳುತ್ತದೆ ಅಂತ ನೋಡಿ, ಒಂದು ಕೋಲನ್ನು ಆ ಅಳತೆಗೆ ಕತ್ತರಿಸಿದ. ಆ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಪ್ರಿಂಗಿನ ಅಂಗಡಿಗೆ ಹೋದ.

ಆ ಅಂಗಡಿ ನಮ್ಮ ಬೀದಿಯ ಕೊನೆಯದು, ನಾನೂ ನೋಡಲು ಹೋದೆ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿ ಚಪ್ಪಲಿ ಅಂಟುತ್ತಿತ್ತು. ಗೋಡೆಯ ಮೂಲೆಗೆ ಯಾರೋ ಉಗಿದು ಉಗಿದು ನಕಾಶೆ ಬರೆದಿದ್ದರು. ಕೂರಲು ಕೊಟ್ಟ ಸ್ಟೂಲನ್ನು ಮುಟ್ಟಲೂ ಮನಸ್ಸಾಗಲಿಲ್ಲ, ದೂರವೇ ನಿಂತಿದ್ದೆ. ಸ್ಪ್ರಿಂಗಿನವನು ಕೋಲನ್ನೂ ಇರುವೆಯನ್ನೂ ಮೇಲಿಂದ ಕೆಳಗೆ ನೋಡಿ, ಹುಡುಗರು ಬಂದು ನೆಲ ಗುಡಿಸುವ ಹಾಗೆ ಇಳಿಸಿಕೊಡಿ ಅಂತಾರೆ, ದಿನಾ ಓಡಿಸುವ ಗಾಡಿಗೆ ಅದು ಆಗಲ್ಲ ಅಂದ.

"ನಾಲ್ಕು ಬೆರಳು ಇಳಿಸ್ತೀನಿ ಯಜಮಾನ್ರೆ. ಹಿಂದೆ ಏನಾದ್ರೂ ಲೋಡು ಹಾಕ್ತೀರಾ?"

"ಇಲ್ಲಪ್ಪ. ಸಂಸಾರದ ಗಾಡಿ."

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅವನು. ಅಂಗಡಿಗೆ ಮರ್ಯಾದೆಯಾಗಿ ಹೋಗಬೇಕು ಅಂತ ಹಿಂದಿನ ದಿನವೇ ಪಂಪುಗಳನ್ನೆಲ್ಲ ಇಳಿಸಿ ಒರೆಸಿದ್ದ. ಹೆಂಡತಿ ಪಕ್ಕದಲ್ಲಿ ಕೂರುವ ಗಾಡಿ ಅಂತ ತಲೆಯಲ್ಲಿ ಕೂತಿತ್ತು, ಪಂಪು ಮರೆತೇಹೋಗಿತ್ತು. ಸ್ಪ್ರಿಂಗಿನವನು ಜಾಕು ಹಾಕಿ ಚಕ್ರ ಬಿಚ್ಚಿದ. ಮುಂದೆ ತೊಡೆಗಾತ್ರದ ಸ್ಪ್ರಿಂಗು ತೆಗೆದು ಗಿಡ್ಡದನ್ನು ಕೂರಿಸಿದ. ಹಿಂದೆ ಸ್ಪ್ರಿಂಗಿನ ಬದಲು ಇದ್ದ ಕಮಾನು ಪಟ್ಟಿಗಳನ್ನೂ ತಗ್ಗಿಸಿದ, ಚಕ್ರ ನೇರ ಮಾಡಿದ, ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ತಿರುಗಿಸಿದ. ಎಲ್ಲ ಅಚ್ಚುಕಟ್ಟು. ಒಂದೇ ವಿಷಯ, ಗಾಡಿಯ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇದ್ದ. ಯಾಕಪ್ಪ ಅಂದರೆ, ಧೂಳು ಅಜ್ಜಿ, ಧೂಳಾಗಲ್ಲ ನಂಗೆ ಅಂದ. ಆ ಎಣ್ಣೆ ಕೊಚ್ಚೆಯಲ್ಲಿ ಹೊರಳಾಡುವವನಿಗೆ ಧೂಳಾಗುವುದಿಲ್ಲವಂತೆ. ನೋಡು, ಯಾರೋ ಎಲ್ಲಿಯವನೋ, ಅವನೂ ನಮ್ಮ ಮನೆಯವನೇ ಆಗಿಹೋದ.

ಇರುವೆ ಕೋಲು ತಂದು ಬಾಗಿಲಿನ ಅಂಚಿಗೆ ಆನಿಸಿದ. ಕೋಲೂ ಅಂಚೂ ಒಂದೇ ಸಮ. ಅವನ ಮುಖ ನೋಡಬೇಕಿತ್ತು ನೀನು. ಬೂಟಿನೊಳಗೆ ಬಿಸ್ಕತ್ತು ಸಿಕ್ಕ ದಿನದ್ದೇ ಮುಖ.

ಆಸ್ಪತ್ರೆಯ ದಿನ ಬಂತು. ನೀನೂ ಬಾ ಅಕ್ಕಾ, ಆರಾಮಾಗಿ ಹೋಗಿ ಬರೋಣ ಅಂದ. ಹೋದೆ. ಬೆಳಗ್ಗೆಯೇ ಯಾವುದೋ ಕಟ್ಟಡದಿಂದ ಅವಸರದ ಫೋನು ಬಂದು ಎರಡು ಪಂಪು ಎತ್ತಿ ಹಿಂದೆ ಹಾಕಿಕೊಂಡಿದ್ದ, ಇಳಿಸಲು ಹೊತ್ತು ಸಿಗಲಿಲ್ಲ. ಆ ಭಾರಕ್ಕೆ ಗಾಡಿ ಕುಂಡಿ ಊರಿ ಕೂತ ನಾಯಿಯ ಹಾಗೆ ಹಿಂದೆ ಕುಸಿದಿತ್ತು. ಅವನು ಅದನ್ನು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಮುಂದಿನ ಬಾಗಿಲ ಮೇಲೆ. ಚಿಕ್ಕಜ್ಜಿ ಹೊರಗೆ ಬಂದಳು. ಕೋಲು ಆನಿಸಿ ತೋರಿಸಿದ. ಅವಳು ಗಾಡಿ ನೋಡಿದಳು, ಕೋಲು ನೋಡಿದಳು, ಗಂಡನ ಮುಖ ನೋಡಿದಳು. ಸಬೂಬು ಹುಡುಕುತ್ತಿದ್ದಳು ಅಂತ ನನಗೆ ಈಗ ತಿಳಿಯುತ್ತದೆ. ಸಿಗಲಿಲ್ಲ. ಕಾಲು ಎತ್ತಿ ಒಳಗಿಟ್ಟಳು, ಸಲೀಸಾಗಿ ಕೂತಳು, ಕರವಸ್ತ್ರ ಮೂಗಿಗಿಟ್ಟಳು.

ನಾನು ಹಿಂದೆ ಕೂತೆ. ಬಾಗಿಲು ಹಾಕಿಕೊಂಡಿತು.

ಅದನ್ನು ಹೇಗೆ ಹೇಳಲಿ ಪುಟ್ಟೀ. ಹೂದಾನಿಯಲ್ಲಿ ಮರೆತುಹೋದ ನೀರು, ಒದ್ದೆ ನಾಯಿ, ಕೊಳೆತ ಮೊಟ್ಟೆ, ಮೂರನ್ನೂ ಒಂದು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿ ಬಿಸಿಲಿಗಿಟ್ಟ ಹಾಗೆ. ಅದು ಮೂಗಿಗೆ ಬರುವುದಲ್ಲ, ನಾಲಿಗೆಗೆ ಬಂದು ಕೂರುತ್ತದೆ. ಎಂಜಲು ನುಂಗಲು ಹೇಸಿಗೆಯಾಯಿತು. ಸೀಟಿಗೆ ಕೈ ಊರಿದರೆ ಕೈಗೆ ಜಿಗಟು. ಇವನು ಎಸಿ ಹಾಕಿದ. ಅದು ಹಿಂದಿನದನ್ನೆಲ್ಲ ಹೀರಿ ತಣ್ಣಗೆ ಮಾಡಿ ಮುಖಕ್ಕೆ ಊದಿತು. ಇಷ್ಟು ಕಾಲ ಇವರೆಲ್ಲ ಹೇಳಿದ ಎತ್ತರ ಯಾವುದು ಅಂತ ನನಗೆ ಆಗ ಗೊತ್ತಾಯಿತು. ಎಂಥ ಜನ ಅನ್ನಿಸಿತು. ನೊಂದುಕೊಳ್ಳುತ್ತಾನೆ ಅಂತ ಬಾಯಿ ಮುಚ್ಚಿಕೊಂಡು, ಅವನಿಂದ ಗಾಡಿಯನ್ನೇ ಮುರಿಸಿ ಕಟ್ಟಿಸಿದ್ದಾರೆ.

ಅವನಿಗೋ ಖುಷಿ. ಹಂಪು ಬಂದರೆ ಆಮೆಯ ಹಾಗೆ ನಿಧಾನ ಮಾಡಿದ, ಆದರೂ ಗಾಡಿಯ ಹೊಟ್ಟೆ ಕರ್‍ರ್ ಅಂತ ಉಜ್ಜಿತು. ತಿರುವಿನಲ್ಲಿ ಹಿಂದಿನ ಚಕ್ರ ಮೇಲಿನ ತಗಡಿಗೆ ತಾಗಿ ಸುಟ್ಟ ರಬ್ಬರಿನ ವಾಸನೆ ಎದ್ದಿತು, ಆ ನಾತದ ನಡುವೆ ಅದು ಪರಿಮಳವೇ ಅನ್ನಿಸಿತು. ಮಾರುಕಟ್ಟೆಯ ಹಿಂದಿನ ಬೀದಿಗೆ ಬಂದೆವು. ಅಲ್ಲಿ ಚರಂಡಿ ಕಟ್ಟಿ ರಸ್ತೆಯ ಮೇಲೆ ಹರಿಯುತ್ತಿತ್ತು. ಹಿಂದಾದರೆ ಈ ಗಾಡಿ ಅದನ್ನು ಆನೆಯ ಹಾಗೆ ದಾಟಿಕೊಂಡು ಹೋಗುತ್ತಿತ್ತು. ಈಗ ಹೊಟ್ಟೆಯಲ್ಲೇ ಈಜಿತು. ಕೆಳಗಿನಿಂದ ಚರಚರ ಸದ್ದು, ಕಾದ ಹೊಗೆ ಕೊಳವೆಗೆ ಕೊಚ್ಚೆ ಅಂಟಿ ಬೇಯುತ್ತಿತ್ತು. ಹಬೆ ಎದ್ದು ಕಿಟಕಿ ಮಸುಕಾಯಿತು. ದಾರಿಯಲ್ಲಿದ್ದವರು ಮೂಗು ಹಿಡಿದುಕೊಂಡು ಗೋಡೆಗೆ ಸರಿದರು. ಚಿಕ್ಕಜ್ಜಿ ನಿಲ್ಲಿಸಿ ಅಂತ ಕೈ ತೋರಿಸಿದಳು. ಅವನು ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಅವಳು ಬಾಗಿಲು ತೆಗೆದು ಹೊರಗೆ ಬಗ್ಗಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು.

ಅವನು ಇಳಿದು ಓಡಿ ಬಂದ. ನೀರಿನ ಬಾಟಲಿ ಕೊಟ್ಟ, ಅವಳ ಬೆನ್ನು ಸವರಿದ.

"ಕುಲುಕಾಟ ಜಾಸ್ತಿ ಆಯ್ತೇನೆ? ಇನ್ನೂ ಎರಡು ಬೆರಳು ಇಳಿಸಿಸ್ಲಾ?"

ಅವಳು ಬಾಯಿ ಒರೆಸಿಕೊಂಡು ಅವನನ್ನೇ ನೋಡಿದಳು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅವಳೇ ಹೇಳಿದಳು.

"ಎತ್ತರ ಅಲ್ಲ ರೀ. ಯಾವತ್ತೂ ಎತ್ತರ ಆಗಿರ್ಲಿಲ್ಲ. ನಾತ."

ಅವನಿಗೆ ಅರ್ಥವಾಗಲಿಲ್ಲ. ಚರಂಡಿಯ ಕಡೆ ನೋಡಿದ. ಅದಲ್ಲ, ಗಾಡಿ, ಅಂದಳು. ಅವನು ಗಾಡಿಯೊಳಗೆ ತಲೆ ಹಾಕಿದ. ಸೀಟಿಗೆ ಮೂಗು ಒತ್ತಿ ಎಳೆದುಕೊಂಡ, ಕಾರ್ಪೆಟ್ಟಿಗೆ ಒತ್ತಿ ಎಳೆದುಕೊಂಡ, ಆ ಸತ್ತ ಪರಿಮಳದ ಕಾಗದ ಹಿಡಿದು ಮೂಸಿದ. ಬೀದಿಯಿಂದಲೇ ಹಾಲು ಮೂಸುತ್ತಿದ್ದ ಹುಡುಗ. ನನಗೆ ನೋಡಲಾಗಲಿಲ್ಲ ಕಣೇ. ಆಮೇಲೆ ಎದ್ದು ನಿಂತು, ಯಾವಾಗಿನಿಂದ ಅಂತ ಕೇಳಿದ. ತಂದಾಗಿನಿಂದ ಅಂದಳು. ಮಗಳು? ಗೊತ್ತು. ಅಳಿಯ? ಗೊತ್ತು. ಒಬ್ಬೊಬ್ಬರದೇ ಹೆಸರು ತೆಗೆದ, ಅವಳು ಹೌದು ಅಂತ ತಲೆಯಾಡಿಸುತ್ತ ಹೋದಳು. ತನ್ನನ್ನು ನಿಲ್ಲಿಸಿಕೊಂಡೇ ಮಾತಾಡಿ ಕಳಿಸುತ್ತಿದ್ದವರು, ಕೂತುಕೋ ಅಂದರೆ ಅವಸರವಿದೆ ಅನ್ನುತ್ತಿದ್ದವರು, ಎಲ್ಲರೂ ಅವನ ಕಣ್ಣ ಮುಂದೆ ಹಾದುಹೋದರು ಅಂತ ಕಾಣುತ್ತದೆ. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದ.

"ನನ್ ಮೈಯಿಂದಾನೂ ಬರುತ್ತಾ?"

"ಸ್ನಾನ ಆದ್ಮೇಲೆ ಇಲ್ಲ," ಅಂದಳು. ನೀರಿನ ಬಾಟಲಿಯ ಮುಚ್ಚಳ ಹಾಕಿ, "ಮೊದಲೇ ಹೇಳ್ಬೇಕಿತ್ತು ನಿಮಗೆ," ಅಂದಳು.

ಬಾಡಿಗೆ ಕಾರು ಕರೆಯುತ್ತೇನೆ ಅಂತ ಅವನು ಫೋನು ತೆಗೆದ. ಬೇಡ ಅಂದಳು. ನಾಲ್ಕೂ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿಕೊಂಡು, ಆಸ್ಪತ್ರೆಯತನಕ ಅದರಲ್ಲೇ ಹೋದೆವು. ಬರುವಾಗ ಮಾತ್ರ ಅವಳು ಬಾಡಿಗೆ ಕಾರಿನಲ್ಲಿ ಬಂದಳು. ಅವನೇ ಕೂರಿಸಿ ಕಳಿಸಿದ. ಅವಳ ಜೊತೆ ನಾನೂ ಬಂದೆ, ಅದೇನು ಸುಳ್ಳು ಹೇಳಲಿ.

ಆಮೇಲೆ ಅವನು ಗಾಡಿಯ ಕರುಳು ಕಿತ್ತ. ಸೀಟು, ಕಾರ್ಪೆಟ್ಟು, ಅದರಡಿಯ ಹತ್ತಿ, ಎಲ್ಲ ಹೊರಗೆ. ಆ ಹತ್ತಿಯನ್ನು ಹಿಂಡಿದರೆ ಕಪ್ಪು ರಸ ಸುರಿಯಿತು, ಅದರಲ್ಲಿ ಬಿಳಿ ಹುಳ ಮಿಸುಕಾಡುತ್ತಿದ್ದವು. ಥೂ, ಈಗಲೂ ಊಟ ಸೇರುವುದಿಲ್ಲ ನೆನೆಸಿಕೊಂಡರೆ. ಎಲ್ಲ ಸುಟ್ಟ, ಬರೀ ತಗಡು ಉಳಿಯುವತನಕ ತಿಕ್ಕಿದ, ಹೊಸ ಹಾಸು ಹಾಕಿಸಿದ. ಗಾಡಿಯ ಹೊಟ್ಟೆಗೆ ಪೈಪು ಹಿಡಿದು ಮಾರುಕಟ್ಟೆಯ ಕೊಚ್ಚೆಯನ್ನೆಲ್ಲ ಕೆರೆದ. ಪಂಪಿಗೆ ಈಗ ಬೇರೆಯೇ ಮುಚ್ಚಳದ ಸಣ್ಣ ಟ್ರೇಲರು, ಕೆಲಸದ ದಿನ ಮಾತ್ರ ಹಿಂದೆ ಕಟ್ಟುತ್ತಾನೆ. ಸ್ಪ್ರಿಂಗಿನವನು ಬೇಕಾದರೆ ಮತ್ತೆ ಎತ್ತರಿಸಿ ಕೊಡುತ್ತೇನೆ ಅಂದ. ಇರುವೆ ಬೇಡ ಅಂದ. ಹಿಂದಿನ ಭಾರ ಹೋದ ಮೇಲೆ ಗಾಡಿ ಸಮನಾಗಿ ನಿಂತಿದೆ, ಕೋಲಿನ ಅಳತೆಗೆ ಸರಿಯಾಗಿ. ಚಿಕ್ಕಜ್ಜಿಯ ಮಂಡಿಗೂ ಅದೇ ಹಿತ.

ಕಥೆ ಮುಗಿಯಿತು ಅಂದುಕೊಂಡೆಯಾ? ಇಲ್ಲ. ತೊಳೆದವನಿಗೆ ತೊಳೆದದ್ದು ಹೋಯಿತೋ ಇಲ್ಲವೋ ಗೊತ್ತಾಗಬೇಡವೇ? ಅವನ ಮೂಗು ಹೇಳುವುದಿಲ್ಲ. ನಮ್ಮವರನ್ನು ಕೇಳಿದರೆ, ಘಮ್ ಅಂತಿದೆ ಮಾವ ಅಂತಾನೆ ಆ ಕಂಬ ಹತ್ತುವವನು, ಬಾಗಿಲೂ ತೆಗೆಯದೆ. ಹೇಸಿಗೆ, ಹೇಸಿಗೆ. ಮಗಳೂ ಹಾಗೇ. ಇರುವೆ ಈಗ ಯಾರನ್ನೂ ನಂಬುವುದಿಲ್ಲ. ಒಳ್ಳೆಯದು ಹೇಳಿದರಂತೂ ಮೊದಲೇ ನಂಬುವುದಿಲ್ಲ. ಹೆಂಡತಿಯನ್ನು ಕೇಳಲು ಧೈರ್ಯವಿಲ್ಲ, ಅವಳು ಇನ್ನೊಂದು ಸಲ ಕಕ್ಕಿದರೆ ನಾನು ಆ ಗಾಡಿಯನ್ನೇ ಮುಟ್ಟುವುದಿಲ್ಲ ಅಂತಾನೆ. ನಾನು ಹೋಗಿ ಮೂಸೋಣ ಅಂದರೆ ನನಗೆ ಈ ಹಾಳು ನೆಗಡಿ. ನೆಗಡಿ ಇಲ್ಲದಿದ್ದರೂ ಅಕ್ಕನ ಮಾತು ಅಂತ ಬದಿಗಿಡುತ್ತಾನೆ.

ಇವತ್ತು ಆಸ್ಪತ್ರೆಯ ದಿನ. ಚಿಕ್ಕಜ್ಜಿ ಅವರ ಮನೆಯೊಳಗೆ ತಲೆ ಬಾಚಿಕೊಳ್ಳುತ್ತಿದ್ದಾಳೆ, ಬಾಡಿಗೆ ಕಾರಿಗೆ ಇನ್ನೂ ಹೇಳಿಲ್ಲ. ಅವನು ಇಸ್ತ್ರಿ ಶರಟು ಹಾಕಿಕೊಂಡು ಗೇಟಿನ ಹತ್ತಿರ ಗಾಜು ಒರೆಸುತ್ತಿದ್ದಾನೆ, ಕಿಟಕಿಯಿಂದ ಕಾಣುತ್ತಾನೆ ನೋಡು. ಮೊನ್ನೆ ನನ್ನ ಹೊದಿಕೆ ಮುಗ್ಗಲು ವಾಸನೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನೀನು. ಆಗ ಸಿಟ್ಟು ಬಂದಿತ್ತು, ಈಗ ಆ ಮೂಗೇ ಬೇಕು. ಹೊರಗೆ ಹೋಗು. ಗಾಡಿಯೊಳಗೆ ಕೂತು ನಾಲ್ಕೂ ಬಾಗಿಲು ಹಾಕಿಕೊಂಡು ಚೆನ್ನಾಗಿ ಉಸಿರೆಳೆದುಕೋ. ಹಿಂದಿನ ಮೂಲೆಗೂ ಬಗ್ಗಿ ಮೂಸು. ನಾತ ಇದ್ದರೆ ಇದೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು. ಅವನ ಮುಖ ನೋಡಿಕೊಂಡೇ ಹೇಳು. ಎತ್ತರ, ತಗ್ಗು ಅಂತ ಮಾತ್ರ ಬಾಯಿ ಬಿಟ್ಟೀಯ ಮತ್ತೆ. ಹೋಗು, ಅವಳು ಹೊರಗೆ ಬರುವ ಮೊದಲು ಹೋಗಿ ಬಾ.